ಶಿರಾಜ್ ವೈನ್‌ನಲ್ಲಿ ಕರಿಮೆಣಸಿನ ಘಮ ಬರುವುದೇಕೆ?

ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೇ ಆ ಘಮವಿದೆ. ವೈನ್‌ಗೆ ಯಾರೂ ಮೆಣಸು ಬೆರೆಸಿರುವುದಿಲ್ಲ. ಕರಿಮೆಣಸಿಗೆ ಅದರ ಪರಿಮಳ ಕೊಡುವ ರೊಟುಂಡೋನ್ ಎಂಬ ಸಂಯುಕ್ತವೇ ಇಲ್ಲಿಯೂ ಇರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಶಿರಾಜ್‌ನಂಥ ಕೆಂಪು ವೈನ್ ಸಿಪ್ಪೆಯ ಸಮೇತ ಹುದುಗುವುದರಿಂದ ಅದು ರಸಕ್ಕೆ ಇಳಿಯುತ್ತದೆ. ಪ್ರಮಾಣ ಎಷ್ಟು ಅಲ್ಪವೆಂದರೆ, ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ 16 ಪಾಲಿನಷ್ಟಿದ್ದರೂ ಮೂಗಿಗೆ ತಿಳಿಯುತ್ತದೆ! ತಂಪು ಪ್ರದೇಶದ ಶಿರಾಜ್‌ನಲ್ಲಿ ಈ ಘಮ ಸಾಮಾನ್ಯವಾಗಿ ಹೆಚ್ಚು. ಕ್ಯಾಬರ್ನೆ ಸಾವಿನ್ಯೋನ್ ಎಂಬ ಇನ್ನೊಂದು ಕೆಂಪು ವೈನ್‌ನಲ್ಲಿ ಸಿಗುವ ದೊಣ್ಣೆಮೆಣಸಿನ ವಾಸನೆಗೂ ಹೀಗೆಯೇ ಬೇರೊಂದು ಸಂಯುಕ್ತ ಕಾರಣ.

ಆದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ರೊಟುಂಡೋನ್ ಗೊತ್ತಾಗುವುದೇ ಇಲ್ಲ. ಆದ್ದರಿಂದ ಮೆಣಸು ಸಿಗಲಿಲ್ಲವೆಂದು ಸಂಕೋಚಪಡಬೇಡಿ. ನಿಮಗೆ ಸಿಕ್ಕಿದ ಘಮವನ್ನೇ ಹೇಳಿ.