ಗುರುತಿಲ್ಲದವರ ಮುಂದೆ ಯಾಕೆ ಹೇಳಿಕೊಳ್ಳಬೇಕು?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ಎಡ ಸ್ತನದ ಆಪರೇಷನ್ ಬೆಂಗಳೂರಿನಲ್ಲಾಯಿತು, ಈಗ ಕೀಮೋ ನಡೆಯುತ್ತಿದೆ. ಮಗಳು ಮೊಬೈಲಿನಲ್ಲಿ ಇದೇ ಕಾಯಿಲೆಯವರ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ನನ್ನನ್ನು ಸೇರಿಸಿದಳು. ಮೊದಮೊದಲು ಹಾಯೆನಿಸಿತು. ಹೋದ ತಿಂಗಳು ಅದರಲ್ಲಿದ್ದ ಒಬ್ಬಾಕೆ ತೀರಿಕೊಂಡ ಸುದ್ದಿಯನ್ನು ಫೋಟೊ ಸಮೇತ ಹಾಕಿದರು. ಅವತ್ತಿನಿಂದ ನಿದ್ದೆ ಹತ್ತುತ್ತಿಲ್ಲ. ನಮ್ಮ ಮನೆಯವರು ‘ಗುರುತಿಲ್ಲದವರ ಮುಂದೆ ಯಾಕೆ ಹೇಳಿಕೊಳ್ಳಬೇಕು, ಅದರಿಂದ ಕಾಯಿಲೆ ವಾಸಿಯಾಗುತ್ತಾ?’ ಅಂತಾರೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದೂ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಗುಂಪಿನಲ್ಲಿ ಇರಲೋ, ಬಿಡಲೋ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ತಂಗೀ, ಆ ಗುಂಪನ್ನು ಬಿಟ್ಟುಬಿಡಿ. ಆದರೆ ಬೇರೊಂದನ್ನು ಹುಡುಕಿಕೊಳ್ಳಿ. ಎರಡನ್ನೂ ಯಾಕೆ ಹೇಳುತ್ತಿದ್ದೇನೆಂದು ಬಿಡಿಸಿ ಬರೆಯುತ್ತೇನೆ, ನಿಮ್ಮ ಮನೆಯವರಿಗೂ ಓದಲು ಕೊಡಿ.

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮಾತಾಡಿದರೆ ಗಡ್ಡೆ ಕರಗುವುದಿಲ್ಲ. 1989ರಲ್ಲಿ ಅಮೆರಿಕದ ಡಾ. ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ 86 ಹೆಂಗಸರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಅದರಲ್ಲಿತ್ತು. ಎಷ್ಟೋ ಜನ ಆಸೆ ಇಟ್ಟುಕೊಂಡರು. 2001ರಲ್ಲಿ ಕೆನಡಾದವರು 235 ಮಂದಿಯಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿ ನೋಡಿದಾಗ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ಸಂಕಟ ಇಳಿದಿತ್ತು, ನೋವಿನ ಬಾಧೆಯೂ ಕಡಿಮೆಯಾಗಿತ್ತು. ಮೊದಲಿಗೆ ತೀರಾ ಕುಗ್ಗಿಹೋಗಿದ್ದವರಿಗೇ ಹೆಚ್ಚು ಉಪಕಾರವಾಗಿತ್ತು. ವಾಸಿ ಮಾಡುವುದು ಆಪರೇಷನ್, ಕೀಮೋ, ರೇಡಿಯೇಷನ್, ಮಾತ್ರೆ. ಆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದೆ ಮುಗಿಸಲು ಒಂದು ಜತೆ ಬೇಕು, ಗುಂಪು ಇರುವುದು ಅದಕ್ಕೆ.

ಮಲೆನಾಡಿನಲ್ಲಿ ಈ ಜತೆ ಪೇಟೆಯವರಿಗಿಂತ ಹೆಚ್ಚು ಬೇಕು. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ತೋಟ, ಒಂದು ಹಳ್ಳ ದಾಟಬೇಕು. ಮನೆ ತುಂಬ ಜನರಿದ್ದರೂ ಸ್ತನ ತೆಗೆಸಿಕೊಂಡ ಹೆಂಗಸು ಈ ಸೀಮೆಗೆಲ್ಲ ತಾನೊಬ್ಬಳೇ ಅಂದುಕೊಂಡಿರುತ್ತಾಳೆ. ಬಚ್ಚಲಲ್ಲಿ ರವಿಕೆ ಬಿಚ್ಚುವಾಗ ಕಣ್ಣು ಮುಚ್ಚಿಕೊಳ್ಳುವುದು, ಸೆರಗನ್ನು ಒಂದೇ ಕಡೆಗೆ ದಪ್ಪಗೆ ಮಡಿಸಿ ಪಿನ್ನು ಹಾಕುವುದು, ನೆಂಟರ ಮದುವೆಗೆ ಹೋಗದಿರಲು ನೆಪ ಹುಡುಕುವುದು, ಇವನ್ನೆಲ್ಲ ಗಂಡನಿಗೆ ಹೇಳಲು ಬಾಯಿ ಬರುವುದಿಲ್ಲ, ಡಾಕ್ಟರ ಹತ್ತಿರ ಅಷ್ಟು ಹೊತ್ತು ಇರುವುದಿಲ್ಲ. ಇದನ್ನೇ ಅನುಭವಿಸಿದ ಇನ್ನೊಬ್ಬಳು ‘ನಾನೂ ಹಂಗೇ ಮಾಡ್ತಿದ್ದೆ ಮಾರಾಯ್ತಿ’ ಅಂದರೆ ಸಾಕು, ಎಷ್ಟೋ ದಿನದ ಭಾರ ಇಳಿಯುತ್ತದೆ. ಗುರುತಿನವರ ಮುಂದೆ ಆಡಲಾಗದ ಮಾತನ್ನು ಗುರುತಿಲ್ಲದವರ ಮುಂದೆ ಆಡಬಹುದು. ನಿಮ್ಮ ಮನೆಯವರಿಗೆ ಇದನ್ನು ಹೇಳಿ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬಾಕೆಗೆ 1952ರಲ್ಲಿ ಸ್ತನದ ಆಪರೇಷನ್ ಆಯಿತು. ಆಮೇಲೆ ಆಕೆ ತನ್ನಂತೆಯೇ ಆಪರೇಷನ್ ಆದವರ ಹಾಸಿಗೆಯ ಬಳಿ ಹೋಗಿ ಮಾತಾಡಿಸುತ್ತಿದ್ದರು, ಕೈಯನ್ನು ಹೇಗೆ ಎತ್ತಬೇಕೆಂದು ತೋರಿಸಿಕೊಡುತ್ತಿದ್ದರು. ‘ರೀಚ್ ಟು ರಿಕವರಿ’ ಎಂಬ ಹೆಸರಿನಲ್ಲಿ ಮುಂದೆ ಅದು ಎಷ್ಟೋ ದೇಶಗಳಿಗೆ ಹಬ್ಬಿತು. ಮಾತು ಮತ್ತು ಕೈ ವ್ಯಾಯಾಮ ಎರಡೂ ಒಟ್ಟಿಗೆ ಇದ್ದುದರಿಂದಲೇ ಅದು ನಿಂತಿತೆಂದು ನನ್ನ ನಂಬಿಕೆ.

ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದ ನಾನು ನಿವೃತ್ತಿಯಾದ ಮೇಲೆ ಶಿವಮೊಗ್ಗದ ಮನೆಯಲ್ಲೇ ಕೂತು ವಾರಕ್ಕೊಮ್ಮೆ ಫೋನಿನಲ್ಲಿ ಹೆಂಗಸರನ್ನು ಸೇರಿಸುತ್ತೇನೆ. ಶನಿವಾರ ಸಂಜೆ, ಹಾಲು ಕರೆಯುವ ಹೊತ್ತಿಗೆ ಮೊದಲು ಮುಗಿಯಬೇಕು. ಅರ್ಧ ಹೊತ್ತು ವ್ಯಾಯಾಮ, ಅರ್ಧ ಹೊತ್ತು ಮಾತು. ತೀರ್ಥಹಳ್ಳಿ ಕಡೆಯ ಒಬ್ಬರು ಅಡುಗೆಮನೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಒಂದೊಂದೇ ಹೆಜ್ಜೆಯಂತೆ ಮೇಲಕ್ಕೆ ನಡೆಸುತ್ತಾರೆ. ಬೆರಳು ಮುಟ್ಟಿದ ಕಡೆ ಮೊಮ್ಮಗ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕುತ್ತಾನೆ. ಮೊದಲ ಗೆರೆ ಉಪ್ಪಿನಕಾಯಿ ಭರಣಿ ಇಡುವ ಗೂಡಿನ ಮಟ್ಟಕ್ಕಿತ್ತು, ಈಗಿನದು ಕ್ಯಾಲೆಂಡರಿನ ಮೊಳೆ ದಾಟಿದೆ. ಆಗುಂಬೆ ಕಡೆಯವರು ಇನ್ನೊಬ್ಬರು ಇಡೀ ಮಳೆಗಾಲ ಒಂದು ಮಾತೂ ಆಡದೆ ಕೇಳಿಸಿಕೊಂಡೇ ಇದ್ದರು. ಬಾಯಿ ಬಿಡಿಸಲು ಯಾರೂ ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ತಾವಾಗಿಯೇ ಶುರು ಮಾಡಿದರು.

ಇನ್ನು ಆ ಸಾವಿನ ಸುದ್ದಿ. ಕೀಮೋ ಚುಚ್ಚಿಸಿಕೊಂಡು ಬಂದು ಮಲಗಿದವರ ಕೈಗೆ ಹೂವಿನ ಹಾರ ಹಾಕಿದ ಫೋಟೊ ಬಂದು ಬೀಳಬಾರದು. ಹಾಗಂತ ಮುಚ್ಚಿಡುವುದೂ ತಪ್ಪು, ಕಾಣೆಯಾದವರ ಬಗ್ಗೆ ಎಲ್ಲರೂ ಒಳಗೊಳಗೇ ಕೇಳಿಕೊಳ್ಳುತ್ತಿರುತ್ತಾರೆ. ನಮ್ಮಲ್ಲಿ ಯಾರಾದರೂ ಹೋದರೆ ಅವರಿಗೆ ಹತ್ತಿರದವರಾಗಿದ್ದವರಿಗೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳುತ್ತೇನೆ. ಶನಿವಾರ ಎಲ್ಲರೂ ಸೇರಿದಾಗ ಅವರ ಹೆಸರು ಹೇಳಿ, ಅವರ ಬಗ್ಗೆ ಮಾತಾಡಬೇಕೆನಿಸಿದವರು ಮಾತಾಡುತ್ತಾರೆ. ಕಾಯಿಲೆ ಹರಡಿದವರಿಗೂ ಮೊದಲ ಹಂತದಲ್ಲಿರುವವರಿಗೂ ಬೇಕಾಗುವ ಮಾತು ಬೇರೆ ಬೇರೆ. ಇಬ್ಬರನ್ನೂ ಒಂದೇ ಗುಂಪಿನಲ್ಲಿಟ್ಟರೆ ಒಬ್ಬರು ಹೆದರುತ್ತಾರೆ, ಇನ್ನೊಬ್ಬರು ತಮ್ಮ ನೋವನ್ನು ನುಂಗಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಯಾರೂ ಇಲ್ಲದ ಗುಂಪಿನಲ್ಲಿ ಇದನ್ನೆಲ್ಲ ಯೋಚಿಸುವವರಿರುವುದಿಲ್ಲ. ಹಾಗಾಗಿಯೇ ಅದನ್ನು ಬಿಡಿ ಎಂದೆ.

ಹೊಸದಕ್ಕೆ ಸೇರುವ ಮೊದಲು ನಿಮಗೆ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ನರ್ಸನ್ನೋ ಕೌನ್ಸೆಲರನ್ನೋ ಕೇಳಿ, ಅವರಿಗೆ ಗೊತ್ತಿರುವ ಗುಂಪುಗಳಿರುತ್ತವೆ. ನಡೆಸುವವರು ಯಾರು, ಅವರು ಏನನ್ನಾದರೂ ಮಾರುತ್ತಾರಾ, ದುಡ್ಡು ಕೇಳುತ್ತಾರಾ ಎಂದು ವಿಚಾರಿಸಿ. ವಾಟ್ಸ್‌ಆ್ಯಪ್ ಗುಂಪಾದರೆ ಒಳಗಿರುವ ಎಲ್ಲರಿಗೂ ನಿಮ್ಮ ನಂಬರ್ ಕಾಣುತ್ತದೆ ಎಂಬುದು ನೆನಪಿರಲಿ. ರಿಪೋರ್ಟಿನ ಫೋಟೊ ಹಾಕಬೇಡಿ, ಊರಿನ ಹೆಸರನ್ನೂ ಹೇಳಬೇಕಿಲ್ಲ.

ನೆಟ್‌ವರ್ಕಿಗಾಗಿ ಮಳೆಯಲ್ಲಿ ದಿಬ್ಬ ಹತ್ತಬೇಡಿ. ಮುಖ ಕಾಣಲೇಬೇಕೆಂದಿಲ್ಲ. ಸಾಮಾನ್ಯ ಫೋನ್ ಕರೆಯಲ್ಲೇ ನಾಲ್ಕೈದು ಜನರನ್ನು ಜೋಡಿಸಬಹುದು, ನಮ್ಮಲ್ಲಿ ಅರ್ಧಕ್ಕರ್ಧ ಜನ ಬರುವುದು ಹಾಗೆಯೇ. ಅದೂ ಆಗದ ವಾರ ಧ್ವನಿ ಸಂದೇಶ ಕಳಿಸಿದರೆ ನೆಟ್‌ವರ್ಕ್ ಬಂದಾಗ ಕೇಳಿಸಿಕೊಳ್ಳುತ್ತೀರಿ.

ಒಂದು ವಿಷಯದಲ್ಲಿ ಮಾತ್ರ ಯಾವ ಗುಂಪನ್ನೂ ಕೇಳುತ್ತ ಕೂರಬೇಡಿ. ಮೂರು ವಾರಕ್ಕೊಮ್ಮೆ ಕೀಮೋ ಆಗುವವರಲ್ಲಿ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ತುರ್ತು. ‘ಬೆಳಗಾಗಲಿ ನೋಡೋಣ’ ಬೇಡ, ಮಾತ್ರೆ ನುಂಗಿ ಮಲಗುವುದೂ ಬೇಡ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಕೀಮೋ ಆಗುತ್ತಿದೆ ಎಂದು ಮೊದಲ ಮಾತಿಗೇ ಹೇಳಿ. ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. ಈ ದಿನಗಳಲ್ಲಿ ಒಂದೆಲಗದ ತಂಬುಳಿ ಮಾಡುವುದಾದರೆ ಎಲೆಯನ್ನು ಚೆನ್ನಾಗಿ ತೊಳೆದು ಬಾಡಿಸಿ ಅರೆಯಿರಿ, ಹಸಿಯಾಗಿ ಬೇಡ.

ನಿದ್ದೆಯ ವಿಷಯವನ್ನು ಮುಂದಿನ ಸಲ ಡಾಕ್ಟರಿಗೆ ತಪ್ಪದೆ ಹೇಳಿ. ಅಲ್ಲಿಯವರೆಗೆ ಮಧ್ಯರಾತ್ರಿ ಎದೆ ಹೊಡೆದುಕೊಂಡರೆ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗಳಿಗೆಂದೇ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಆಪರೇಷನ್ ಆಗಿ ವರ್ಷ ದಾಟಿತು. ಕಂಕುಳ ಗಂಟುಗಳನ್ನೂ ತೆಗೆದಿದ್ದಾರೆ. ಸಂಜೆ ಹೊತ್ತಿಗೆ ಬಲಗೈ ಭಾರವಾಗಿ ಬಳೆ ಬಿಗಿಯಾಗುತ್ತದೆ. ಆನ್‌ಲೈನ್ ಯೋಗ ತರಗತಿಗೆ ಸೇರಬಹುದೇ? ಅಡಿಕೆ ಸುಗ್ಗಿ ಹತ್ತಿರ ಬಂತು, ಸುಲಿಯಲು ಕೂರಬಹುದೇ? ಅತ್ತೆ ‘ಆ ಕೈಯಲ್ಲಿ ಕೊಡಪಾನವನ್ನೂ ಎತ್ತಬೇಡ’ ಅಂತಾರೆ.
– ಓದುಗರು, ಸಾಗರ

ಉತ್ತರ: ನಿಮ್ಮತ್ತೆಯವರ ಮಾತು ಹಿಂದೆ ಡಾಕ್ಟರುಗಳೇ ಹೇಳುತ್ತಿದ್ದದ್ದು. 2009ರಲ್ಲಿ ಅಮೆರಿಕದಲ್ಲಿ, ಕೈ ಬಾವು ಇದ್ದ 141 ಹೆಂಗಸರ ಅಧ್ಯಯನವೊಂದು ಪ್ರಕಟವಾಯಿತು. ತರಬೇತುದಾರರ ಕಣ್ಣೆದುರು ತೀರಾ ಹಗುರದಿಂದ ಶುರು ಮಾಡಿ ನಿಧಾನಕ್ಕೆ ಭಾರ ಹೆಚ್ಚಿಸುತ್ತ ಹೋದವರಿಗೆ ಬಾವು ಹೆಚ್ಚಲಿಲ್ಲ, ಅದು ಕೆರಳುವುದು ಕಡಿಮೆಯೇ ಆಯಿತು. ಕೈಯನ್ನು ಕಟ್ಟಿಹಾಕಿದರೆ ಭುಜ ಹಿಡಿದುಕೊಳ್ಳುತ್ತದೆ. ತುಂಬಿದ ಕೊಡಪಾನಕ್ಕೆ ಇವತ್ತೇ ಕೈ ಹಾಕಬೇಡಿ, ಚೊಂಬಿನಿಂದ ಆರಂಭಿಸಿ.

ಆದರೆ ಮೊದಲು ಕೈಯನ್ನು ಫಿಸಿಯೊಥೆರಪಿಸ್ಟರಿಗೆ ತೋರಿಸಿ. ಬಳೆ ಬಿಗಿಯಾಗುವುದು ಲಿಂಫೆಡೀಮಾದ, ಅಂದರೆ ಗಂಟು ತೆಗೆದ ಕೈಯಲ್ಲಿ ನೀರು ತುಂಬಿ ಬರುವ ಬಾವಿನ, ಆರಂಭದ ಲಕ್ಷಣ ಇರಬಹುದು. ಆಪರೇಷನ್ ಆಗಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಅದು ಬರುತ್ತದೆ, ಬೇಗ ಹಿಡಿದಷ್ಟೂ ಒಳ್ಳೆಯದು. ಎರಡೂ ಕೈಯ ಸುತ್ತಳತೆ ಅಳೆದು, ಬೇಕಾದರೆ ಒತ್ತುತೋಳು (ಬಾವು ಏರದಂತೆ ಕೈಗೆ ಹಾಕುವ ಬಿಗಿಯಾದ ತೋಳುಚೀಲ) ಕೊಡುತ್ತಾರೆ. ಅದನ್ನು ಅಳತೆ ಕೊಟ್ಟೇ ತರಿಸಬೇಕು, ಅಂದಾಜಿಗೆ ಕೊಂಡು ಹಾಕಿಕೊಳ್ಳುವಂಥದ್ದಲ್ಲ.

ಯೋಗಕ್ಕೆ ಸೇರಿ. ಯಾವ ಕಡೆ ಆಪರೇಷನ್, ಯಾವ ಮಾತ್ರೆ ನಡೆಯುತ್ತಿದೆ ಎಂದು ಗುರುಗಳಿಗೆ ಮೊದಲೇ ತಿಳಿಸಿ. ಅಂಗೈ ಊರಿ ಮೈಭಾರವನ್ನೆಲ್ಲ ಹೊರುವ ಆಸನಗಳನ್ನು ಸದ್ಯ ಬಿಡಿ. ಲೆಟ್ರೊಜೋಲ್ ಥರದ, ಹಾರ್ಮೋನ್ ತಗ್ಗಿಸುವ ಮಾತ್ರೆಯಿಂದ ಮೂಳೆ ತೆಳುವಾಗುತ್ತದೆ, ಅದನ್ನು ತೆಗೆದುಕೊಳ್ಳುವವರು ಬೆನ್ನು ತೀರಾ ಬಾಗಿಸುವ, ತಿರುಚುವ ಆಸನಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು. ಪರದೆಯ ಮೇಲೆ ನಲವತ್ತು ಜನರನ್ನು ಕೂರಿಸಿಕೊಂಡು ಕಲಿಸುವ ತರಗತಿ ನಿಮಗೆ ಬೇಡ. ನಿಮ್ಮ ಭುಜ ಎಲ್ಲಿಯವರೆಗೆ ಏಳುತ್ತದೆಂದು ನೋಡುವಷ್ಟು ಚಿಕ್ಕ ತರಗತಿ ಇರಲಿ. ನಡಿಗೆಯನ್ನೂ ಜತೆಗಿಟ್ಟುಕೊಳ್ಳಿ. ವಾರಕ್ಕೆ ಮೂರು ಸಲ, ಸಲಕ್ಕೆ ಅರ್ಧ ತಾಸು ಮೈ ಬೆಚ್ಚಗಾಗುವಂತೆ ನಡೆದರೆ ಚಿಕಿತ್ಸೆಯ ಸುಸ್ತು, ಆತಂಕ ಎರಡೂ ತಗ್ಗುತ್ತವೆಂದು 2019ರಲ್ಲಿ ತಜ್ಞರು ಹಲವಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದ್ದಾರೆ. ಮಳೆಗಾಲದಲ್ಲಿ ಜಗಲಿಯಲ್ಲೇ ಆ ಕಡೆಯಿಂದ ಈ ಕಡೆಗೆ ನಡೆದರೂ ನಡೆಯಿತು.

ಅಡಿಕೆ ಸುಲಿಯುವುದರಲ್ಲಿ ನನಗೆ ಹೆದರಿಕೆ ಇರುವುದು ಕತ್ತಿಯ ಗಾಯದ್ದು. ಕಂಕುಳ ಗಂಟು ತೆಗೆದ ಕೈಗೆ ಸೋಂಕು ತಗುಲಿದರೆ ಬಾವು ಒಮ್ಮೆಲೇ ಏರುತ್ತದೆ. ಈ ವರ್ಷ ಸುಲಿಯುವ ಕೆಲಸ ಬೇರೆಯವರಿಗಿರಲಿ, ನೀವು ಹಗುರಾದ ಕೆಲಸ ಹಿಡಿಯಿರಿ, ನಡುನಡುವೆ ಎದ್ದು ಕೈ ಮೇಲೆತ್ತಿ ಆಡಿಸಿ. ತೋಟಕ್ಕೆ ಇಳಿದರೆ ಉದ್ದತೋಳಿನ ಅಂಗಿ, ಕೈಗವಸು ಇರಲಿ. ಮುಳ್ಳು ಗೀರಿದರೂ ಉಂಬಳ ಕಚ್ಚಿದರೂ ಕೂಡಲೇ ಸೋಪು ಹಾಕಿ ತೊಳೆದು ಔಷಧ ಹಚ್ಚಿ. ಕೈ ಕೆಂಪಾಗಿ ಬಿಸಿಯಾಯಿತೋ, ಜ್ವರ ಬಂತೋ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ: ಅಮ್ಮನ ಗುಂಪಿನಲ್ಲಿ ‘ಲಕ್ಷ್ಮಣಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ’ ಅಂತ ಬಂದಿದೆ. ಅದರ ಎಲೆಯ ಪುಡಿಯನ್ನು ತರಿಸಿಕೊಂಡು ಕುಡಿಯುತ್ತಿದ್ದಾರೆ. ನಿಲ್ಲಿಸಿ ಅಂದರೆ ಸಿಟ್ಟಾಗುತ್ತಾರೆ.
– ಓದುಗರು, ಶಿಕಾರಿಪುರ

ಉತ್ತರ: ಆ ಮಾತು ಹುಟ್ಟಿದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳಿಂದ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ. ಲಕ್ಷ್ಮಣಫಲದಲ್ಲಿರುವ ಅನೊನಾಸಿನ್ ಎಂಬ ಅಂಶ ನರಕೋಶಗಳಿಗೆ ವಿಷ. ಲಕ್ಷ್ಮಣಫಲವನ್ನು ಹೆಚ್ಚು ಬಳಸುವ ಗ್ವಾಡೆಲೂಪ್ ದ್ವೀಪದಲ್ಲಿ, ಕೈಕಾಲು ನಡುಗುವ ಪಾರ್ಕಿನ್ಸನ್ ರೋಗವನ್ನು ಹೋಲುವ ಕಾಯಿಲೆಗೂ ಇದಕ್ಕೂ ನಂಟಿರಬಹುದೆಂದು ಸಂಶೋಧಕರು ಬರೆದಿದ್ದಾರೆ. ಪ್ಯಾಕ್ಲಿಟಾಕ್ಸೆಲ್ ಥರದ ಕೀಮೋದಿಂದಲೇ ಕೈಕಾಲು ಜೋಮು ಹಿಡಿಯುತ್ತದೆ, ಅದರ ಮೇಲೆ ಇದು ಬೇಡ. ಅಮ್ಮನ ಜತೆ ಜಗಳಕ್ಕೆ ನಿಲ್ಲಬೇಡಿ, ಅವರು ಬದುಕುವ ಆಸೆಯಿಂದ ಕುಡಿಯುತ್ತಿದ್ದಾರೆ. ಪುಡಿಯ ಪೊಟ್ಟಣವನ್ನೇ ಡಾಕ್ಟರ ಮೇಜಿನ ಮೇಲಿಟ್ಟು ಅವರಿಂದಲೇ ಹೇಳಿಸಿ. ಗುಂಪು ನಡೆಸುವವರಿಗೂ ತಿಳಿಸಿ, ಅವರು ಆ ಸಂದೇಶವನ್ನು ತೆಗೆಯದಿದ್ದರೆ ಅಮ್ಮನಿಗೆ ಬೇರೆ ಗುಂಪು ನೋಡಿ.

ಪ್ರಶ್ನೆ: ಚಿಕಿತ್ಸೆಗೆ ಹೋಗುವವರಿಗೆ ರೈಲಿನಲ್ಲಿ ರಿಯಾಯಿತಿ ಇದೆಯೆಂದು ಗುಂಪಿನಲ್ಲಿ ಒಬ್ಬರು ಹೇಳಿದರು. ನಿಜವೇ?
– ಓದುಗರು, ಭದ್ರಾವತಿ

ಉತ್ತರ: ನಿಜ, ಹೇಳಿದವರಿಗೆ ಪುಣ್ಯ ಬರಲಿ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗಿಬರುವಾಗ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ರೈಲ್ವೆಯ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಭರ್ತಿ ಮಾಡಿಸಿ, ಸಹಿ, ಮೊಹರು ಹಾಕಿಸಿ, ಸ್ಟೇಷನ್ನಿನ ಕೌಂಟರಿನಲ್ಲಿ ಟಿಕೆಟ್ ತೆಗೆಸಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗಲೇ ಆ ಪತ್ರ ಮಾಡಿಸಿಕೊಂಡು ಬನ್ನಿ, ಎರಡು ಜೆರಾಕ್ಸ್ ಪ್ರತಿ ಮನೆಯಲ್ಲಿರಲಿ.