ಬೋರ್ಡ್ ನಾಲ್ಕೇ, ಮಕ್ಕಳು ನಲವತ್ತು: ಐಓಟಿ ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಯವರಿಗೆ ಎಲೆಕ್ಟ್ರಾನಿಕ್ಸ್ ವೃತ್ತಿಶಿಕ್ಷಣ ಇದೆ. ಜೊತೆಗೆ ಐಓಟಿನೂ (ವಸ್ತುಗಳನ್ನು ನೆಟ್ಟಿಗೆ ಜೋಡಿಸಿ ಮಾಹಿತಿ ಪಡೆಯುವ ತಂತ್ರ) ಕಲಿಸೋಣ ಅಂತ ಆಸೆ. ಆದರೆ 40 ಮಕ್ಕಳಿಗೆ ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಇರುವುದು 4. ನೆಟ್ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಮಕ್ಕಳು ಕೋಡ್ ನೋಡಿಕೊಂಡು ಹೊಡೆದು ಎಲ್‌ಇಡಿ ಮಿನುಗಿಸಿದರೆ ಅಲ್ಲಿಗೆ ಮುಗೀತು. ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ನೆಟ್ ಚಿಂತೆ ಸದ್ಯಕ್ಕೆ ಬಿಡಿ. ಇಎಸ್‌ಪಿ32 ತಾನೇ ಹಾಟ್‌ಸ್ಪಾಟ್ ಆಗುತ್ತದೆ. ಅದಕ್ಕೆ ಚಿಕ್ಕದೊಂದು ವೆಬ್ ಪುಟದ ಕೋಡ್ ಹಾಕಿ, ಮೊಬೈಲನ್ನು ಅದರ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ 192.168.4.1 ಅಂತ ಹೊಡೆದರೆ ಸೆನ್ಸರಿನ ಅಂಕಿ ಕಾಣುತ್ತದೆ. ಮುಂದೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸುವಾಗ 2.4 ಗಿಗಾಹರ್ಟ್ಸ್ ಬ್ಯಾಂಡ್ ಇಟ್ಟುಕೊಳ್ಳಿ, ಈ ಬೋರ್ಡಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ.

ಎಲ್‌ಇಡಿ ಬದಲು ಶಾಲೆಯ ನೀರಿನ ಟ್ಯಾಂಕ್ ಹಿಡಿದುಕೊಳ್ಳಿ. ಎಚ್‌ಸಿ-ಎಸ್‌ಆರ್04 ಎಂಬ ದೂರ ಅಳೆಯುವ ಸೆನ್ಸರನ್ನು ಮುಚ್ಚಳದ ಒಳಗೆ ಕೆಳಮುಖವಾಗಿ ಕೂರಿಸಿದರೆ, ಸದ್ದು ನೀರಿಗೆ ಬಡಿದು ವಾಪಸ್ ಬರುವ ಹೊತ್ತಿನಿಂದ ಮಟ್ಟ ಗೊತ್ತಾಗುತ್ತದೆ. ವಿಜ್ಞಾನದ ಪಾಠದಲ್ಲಿ ಓದುವ ಪ್ರತಿಧ್ವನಿ ಲೆಕ್ಕವೇ ಇದು, ಅಲ್ವಾ? ಮಕ್ಕಳೇ ಲೆಕ್ಕ ಹಾಕಲಿ, ಆಮೇಲೆ ಕೋಲಿನಿಂದ ಅಳೆದು ಸರಿ ಇದೆಯಾ ನೋಡಲಿ. ಒಂದು ಎಚ್ಚರ: ಈ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡಿನ ಪಿನ್ ತಡೆಯುವುದು 3.3 ವೋಲ್ಟ್. ನಡುವೆ 1 ಕೆ, 2 ಕೆ (ಕಿಲೋ ಓಮ್) ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಲೇಬೇಕು. ಇದನ್ನು ಮಲ್ಟಿಮೀಟರ್ ಹಿಡಿದು ಮಕ್ಕಳ ಕೈಯಲ್ಲೇ ಅಳೆಸಿ. ಪಂಪಿನ ಸ್ಟಾರ್ಟರ್ ಹತ್ತಿರ ಮಾತ್ರ ಅವರನ್ನು ಬಿಡಬೇಡಿ, ಮಟ್ಟ ತೋರಿಸಿದರೆ ಸಾಕು.

ನಾಲ್ಕು ಬೋರ್ಡಿಗೆ ಹತ್ತು ಹತ್ತು ಮಕ್ಕಳು ಕೂತರೆ ಇಬ್ಬರು ಮಾಡುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳನ್ನು ಬರೆದುಕೊಳ್ಳುವ ಕೆಲಸಕ್ಕೆ ಕೂರಿಸಿಬಿಡುತ್ತಾರೆ. ಹಾಗಾಗಲು ಬಿಡಬೇಡಿ, ಕೆಲಸ ಪ್ರತಿ ವಾರ ಬದಲಾಗಲಿ. ಕಂಪ್ಯೂಟರ್ ಲ್ಯಾಬಿನಲ್ಲಿ ನೆಟ್ ಸಿಕ್ಕ ದಿನ ವೋಕ್ವಿ ಎಂಬ, ಬೋರ್ಡಿಲ್ಲದೆ ಪರದೆಯ ಮೇಲೇ ಸರ್ಕ್ಯೂಟ್ ಜೋಡಿಸುವ ಸಿಮ್ಯುಲೇಟರಿನಲ್ಲಿ ಅರ್ಧ ತರಗತಿ ವೈರಿಂಗ್ ಅಭ್ಯಾಸ ಮಾಡಲಿ.

ಮಾರ್ಕ್ಸನ್ನು ಕೋಡಿಗಿಂತ ಜಾಸ್ತಿ ದೋಷ ಹುಡುಕುವುದಕ್ಕೆ ಕೊಡಿ. ಒಂದು ಗ್ರೌಂಡ್ ವೈರ್ ಕಿತ್ತಿಡಿ, ಇಲ್ಲಾ ಪಿನ್ ನಂಬರ್ ಬದಲಿಸಿ, ಎಲ್ಲಿ ಕೆಟ್ಟಿದೆ, ಹೇಗೆ ಗೊತ್ತಾಯಿತು ಅಂತ ಬಾಯಲ್ಲಿ ಹೇಳಿಸಿ. ನಾಳೆ ಕೆಲಸಕ್ಕೆ ಹೋದಾಗ ಅವರನ್ನು ಕರೆಯುವುದೇ ಕೆಟ್ಟಿದ್ದನ್ನು ಸರಿ ಮಾಡಲು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಆದ ಮೇಲೆ ಐಓಟಿಯಲ್ಲೇ ಮುಂದೆ ಓದಬಹುದಾ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಓದಬಹುದು ಮಗು. ಐಟಿಐನಲ್ಲಿ ಐಓಟಿ ಟೆಕ್ನಿಷಿಯನ್ ಅಂತಲೇ ಟ್ರೇಡ್‌ಗಳಿವೆ, ಸ್ಮಾರ್ಟ್ ಅಗ್ರಿಕಲ್ಚರ್ ಅವುಗಳಲ್ಲಿ ಒಂದು. ಎಲ್ಲಾ ಐಟಿಐಗಳಲ್ಲೂ ಇರುವುದಿಲ್ಲ, ಅರ್ಜಿ ಹಾಕುವ ಮೊದಲು ಹೋಗಿ ವಿಚಾರಿಸು. ಸಿಗದಿದ್ದರೆ ಎರಡು ವರ್ಷದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ತಗೋ, ಬುನಾದಿ ಗಟ್ಟಿಯಾಗುತ್ತದೆ.