ಎಕ್ಸ್-ರೇ ರಿಪೋರ್ಟಿನಲ್ಲಿ ‘ಡಿಸ್ಟಲ್’ ಅಂದರೆ ಏನು?

ಅಂಗಳದಲ್ಲಿ ಜಾರಿಬಿದ್ದ ನಿಮ್ಮ ಅಮ್ಮನ ರಿಪೋರ್ಟಿನಲ್ಲಿ ‘ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್’ ಅಂತ ಇದೆ, ಹಾಗಂದರೆ ಏನು ಅಂತ ಕೇಳಿದ್ದೀರಿ. ಡಿಸ್ಟಲ್ ಅಂದರೆ ಕೈಕಾಲು ಮೈಗೆ ಸೇರುವ ಜಾಗದಿಂದ ದೂರದ ಕಡೆ. ಹತ್ತಿರದ ಕಡೆ ಪ್ರಾಕ್ಸಿಮಲ್. ರೇಡಿಯಸ್ ಮುಂಗೈಯಲ್ಲಿ ಹೆಬ್ಬೆರಳಿನ ಬದಿಯ ಮೂಳೆ, ಹಾಗಾಗಿ ಮುರಿದಿರುವುದು ಮಣಿಕಟ್ಟಿನ ಹತ್ತಿರ, ಮೊಣಕೈ ಹತ್ತಿರ ಅಲ್ಲ.

‘ಕೆಳಗೆ’ ಅಂದರೆ ಸಾಕಲ್ವಾ ಅನ್ನಿಸಬಹುದು. ಆದರೆ ಅಟ್ಟದಿಂದ ಒಣಮೀನಿನ ಬುಟ್ಟಿ ಇಳಿಸಲು ಕೈ ಎತ್ತಿ ನೋಡಿ, ಮಣಿಕಟ್ಟು ಮೇಲೆ ಹೋಯಿತು, ಮೊಣಕೈ ಕೆಳಗೆ ಉಳಿಯಿತು. ಆಗಲೂ ಮಣಿಕಟ್ಟೇ ಡಿಸ್ಟಲ್, ಯಾಕಂದರೆ ದೂರ ಲೆಕ್ಕ ಹಾಕುವುದು ಭುಜದಿಂದ. ಕೈ ಹೇಗೇ ಇರಲಿ, ಈ ಪದದ ಅರ್ಥ ಬದಲಾಗುವುದಿಲ್ಲ, ಅದೇ ಇದರ ದೊಡ್ಡ ಉಪಯೋಗ.

ಹೃದಯದಿಂದ ಹೊರಡುವ ರಕ್ತನಾಳ ಅಥವಾ ಕರುಳಿನ ವಿಷಯ ಬಂದರೆ ಹರಿವು ನೋಡಿ. ನಮ್ಮ ಕಾಳಿ ನದಿ ಕದ್ರಾ ಅಣೆಕಟ್ಟು ದಾಟಿ ಬಂದು ಕಾರವಾರದಲ್ಲಿ ಸಮುದ್ರ ಸೇರುತ್ತದಲ್ವಾ, ಆ ಲೆಕ್ಕದಲ್ಲಿ ಕದ್ರಾಕ್ಕಿಂತ ಕಾರವಾರ ಡಿಸ್ಟಲ್. ರಕ್ತನಾಳದಲ್ಲಿ ಅಡ್ಡಿ ಇದ್ದು, ‘ಅದರ ಡಿಸ್ಟಲ್ ಭಾಗ’ ಅಂತ ಬರೆದಿದ್ದರೆ ಅಡ್ಡಿ ದಾಟಿದ ನಂತರದ ಭಾಗ ಅಂತ ತಿಳಿಯಿರಿ.

ಹಲ್ಲಿನ ಡಾಕ್ಟರು ಹೇಳುವ ಡಿಸ್ಟಲ್ ಮಾತ್ರ ಸ್ವಲ್ಪ ಬೇರೆ, ಅದು ಹಲ್ಲಿನ ಸಾಲಿನಲ್ಲಿ ಮುಂಭಾಗದ ನಡುಗೆರೆಯಿಂದ (ಮಧ್ಯದ ಎರಡು ಹಲ್ಲುಗಳ ನಡುವಿನ ಗೆರೆ) ದೂರದ ಬದಿ.